ಖಾಲಿ ಖೋಲಿಯ ಹೂಂ

೧೯೮೪ರ ಬೇಸಿಗೆ. ಕುಷ್ಟಗಿಯಲ್ಲಿ ಶಾಲೆಯ ಕೆಲಸ ಮಾಡುತ್ತಲೇ ನಾನು ಇಂಗ್ಲಿಷ್ ಎಂ.ಎ. ಪರೀಕ್ಷೆಗೆ ಕಟ್ಟಿದ್ದೆ. ಪಠ್ಯದಲ್ಲಿ ಆಫ್ರಿಕಾದ ಯೊರುಬಾ ಜನರ ನಂಬಿಕೆಯಿಂದ ಹುಟ್ಟಿದ ಹೊಸ ನಾಟಕವೊಂದಿತ್ತು. ಸತ್ತು ಸತ್ತು ಅದೇ ತಾಯಿಗೆ ಮತ್ತೆ ಹುಟ್ಟುವ ಮಗುವಿನ ಕಥೆ. ತಾಯಿ ಅದನ್ನು ಕರೆಯುವ ಮಾತುಗಳು ಬಾಯಿಪಾಠವಾಗಲೆಂದು ಮಧ್ಯಾಹ್ನ ಗಟ್ಟಿಯಾಗಿ ಓದುತ್ತಿದ್ದೆ.

ಒಂದು ದಿನ ಪ್ರತಿ ಸಾಲಿನ ಕೊನೆಗೂ ಯಾರೋ ‘ಹೂಂ’ ಎಂದರು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಮನೆಯೊಡತಿ ಮಾರೆವ್ವ ಇರಬೇಕೆಂದುಕೊಂಡೆ. ಆದರೆ ದನಿ ಬಂದದ್ದು ಒಳಗಿನ ಖಾಲಿ ಖೋಲಿಯಿಂದ. ಬಾಗಿಲು ಮುಟ್ಟಿದೆ. ಆ ಬಿಸಿಲಲ್ಲೂ ಬಾವಿಯ ನೀರಿನಷ್ಟು ತಣ್ಣಗಿತ್ತು.

ಮಾರೆವ್ವ ಎದ್ದು ಬಂದಳು. ಅವಳ ಕಣ್ಣುಗಳು ತುಂಬಿದ್ದವು.

“ನಿಲ್ಲಸಬ್ಯಾಡ್ರಿ ಅಕ್ಕೋರ, ಓದ್ರಿ. ನನ್ನ ಮಗಳು ಐದ ವರ್ಷದಾಕಿ, ಈ ಖೋಲ್ಯಾಗ ತೀರಿಹೋದ್ಲು.”

“ಇದು ಇಂಗ್ಲಿಷ್, ಮಾರೆವ್ವ. ಅಕಿಗೆ ಹೆಂಗ ತಿಳೀತೈತಿ?”

“ನನಗೂ ಬರೂದಿಲ್ರಿ. ಅವ್ವ ಕರಿಯೂದು ತಿಳೀತೈತಲ್ಲ.”

ಹೆದರುತ್ತಲೇ ಓದಿದೆ. ಪ್ರತಿ ಸಾಲಿಗೂ ಹೂಂ ಬಂತು. ಕೊನೆಯ ಪುಟ ಮುಗಿದಾಗ ಒಳಗಿನಿಂದ ಎಳೆಯ ದನಿ ಕೇಳಿತು.

“ಮುಂದ?”

ಪುಸ್ತಕದಲ್ಲಿ ಮುಂದೇನೂ ಇರಲಿಲ್ಲ. ಮಾರೆವ್ವ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು, ತನಗೆ ತೋಚಿದಂತೆ ಮುಂದುವರಿಸಿದಳು. “ಮುಂದ ಅವ್ವ ರೊಟ್ಟಿ ಬಡದ್ಲು. ಉಣ್ಣಾಕ ಬಾರವ್ವ ಅಂದ್ಲು...”

ದೀಪ ಹಚ್ಚುವವರೆಗೂ ಹೇಳಿದಳು. ಒಂದು ಮಾತಿಗೂ ಹೂಂ ತಪ್ಪಲಿಲ್ಲ.

ಆ ಮನೆಯಲ್ಲಿ ಇನ್ನೂ ಎರಡು ವರ್ಷ ಇದ್ದೆ. ನನ್ನ ಓದಿಗೆ ಮತ್ತೆಂದೂ ಯಾರೂ ಹೂಂಗುಟ್ಟಲಿಲ್ಲ. ಮಾರೆವ್ವ ಮಾತಾಡಿದರೆ ಮಾತ್ರ ಹೂಂ ಬರುತ್ತಿತ್ತು.