ಮೂರು ವರ್ಷಕ್ಕೇ ತೀರಿಹೋದ ತಾತ

"ನಿಮ್ಮ ಅಜ್ಜಿಯ ತಾತ ಮೂರು ವರ್ಷದವರಿದ್ದಾಗಲೇ ತೀರಿಹೋಗಿದ್ದಾರೆ."

"ಹಾಗಾದ್ರೆ ನಾನು ಎಲ್ಲಿಂದ ಉದುರಿದೆ?"

ಹಳೆಯ ದಾಖಲೆಗಳ ಕೋಣೆಯಲ್ಲಿ ಅವರಿಬ್ಬರ ಮೊದಲ ಮಾತು ಇದು. ಅವನು ಅಲ್ಲಿನ ಗುಮಾಸ್ತ. ಅವಳು ಕನ್ನಡಕದ ಅಂಗಡಿಯವಳು.

ಅಜ್ಜಿಗೆ ತೊಂಬತ್ತೊಂದು. ಅವಳ ತಾತ ನೂರೈವತ್ತು ವರ್ಷದ ಹಿಂದೆ ಹುಟ್ಟಿದ ಗಡಿಯಾರ ರಿಪೇರಿಯವ. ಅವನ ಅಪ್ಪ ಅಮ್ಮ ಯಾರೆಂದು ಯಾರಿಗೂ ತಿಳಿಯದು. 'ಹಿಂದುಮುಂದಿಲ್ಲದ ಮನೆತನ' ಎಂದು ಅತ್ತೆಮನೆಯವರು ಆಡಿಕೊಂಡಿದ್ದು ಅಜ್ಜಿಗೆ ಇನ್ನೂ ಚುಚ್ಚುತ್ತಿತ್ತು. ಸಾಯುವ ಮೊದಲು ಆ ಎರಡು ಹೆಸರು ಕಣ್ಣಾರೆ ನೋಡಬೇಕು, ಅಷ್ಟೇ ಅವಳ ಆಸೆ.

ಅಂಗಡಿಗೆ ಗುರುವಾರ ರಜೆ. ಐದು ತಿಂಗಳು ಪ್ರತಿ ಗುರುವಾರ ಅವಳು ಬಂದಳು. ಅವನು ಪುಟ ತಿರುವುತ್ತಿದ್ದ, ಅವಳು ಅವನ ಸಡಿಲ ಕನ್ನಡಕದ ಸ್ಕ್ರೂ ಬಿಗಿ ಮಾಡಿಕೊಡುತ್ತಿದ್ದಳು. ಬುಧವಾರವೇ ಸೀರೆ ಆರಿಸಿಡುವಷ್ಟಾದಾಗ ಅವಳಿಗೆ ತನ್ನ ಮೇಲೇ ನಗು ಬಂತು.

ಒಂದು ಗುರುವಾರ ಅವನು ಚಹಾ ತರಲು ಹೋಗಿದ್ದ. ಮೇಜಿನ ಮೇಲಿದ್ದ ಜನನ ಪುಸ್ತಕದಿಂದ ಚೀಟಿಯೊಂದು ಇಣುಕುತ್ತಿತ್ತು. ಅವನದೇ ಅಕ್ಷರ: 'ಮೊದಲ ಮಗು ತೀರಿದ ಮೇಲೆ ಹುಟ್ಟಿದ ತಮ್ಮನಿಗೂ ಅದೇ ಹೆಸರು. ಗಡಿಯಾರದವರು ಇವರೇ.' ಕೆಳಗೆ ತಂದೆ ತಾಯಿಯ ಹೆಸರು. ತಾರೀಕು ಮೂರು ವಾರ ಹಳೆಯದು.

ಅವನು ಎರಡು ಲೋಟ ಹಿಡಿದು ಬಾಗಿಲಲ್ಲೇ ನಿಂತ.

"ಮೂರು ವಾರ ಬಚ್ಚಿಟ್ರಾ? ಅಜ್ಜಿ ಅಷ್ಟರಲ್ಲಿ ಕಣ್ಣು ಮುಚ್ಚಿದ್ರೆ?"

"ತಪ್ಪಾಯ್ತು... ಕೊಟ್ರೆ ನೀವು ಮತ್ತೆ ಬರಲ್ಲ ಅನ್ನಿಸ್ತು."

ಅವಳು ಚೀಟಿ ತೆಗೆದುಕೊಂಡು ಹೊರಟಳು. ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅಳು ಬರುತ್ತಿತ್ತು.

ಅಜ್ಜಿ ಆ ಎರಡು ಹೆಸರನ್ನು ಗಟ್ಟಿಯಾಗಿ ನಾಲ್ಕು ಸಲ ಓದಿದಳು. ಆಮೇಲೆ ಮೊಮ್ಮಗಳ ಮುಖ ನೋಡಿದಳು.

"ಸಿಕ್ಕಿತಲ್ಲ, ಮತ್ತೆ ಯಾಕೇ ಈ ಮುಖ?"

ಅವಳು ಎಲ್ಲವನ್ನೂ ಹೇಳಿದಳು. ಅಜ್ಜಿ ಚೀಟಿ ಮಡಚುತ್ತಾ, "ಕಳ್ಳ. ಆದ್ರೆ ಕದಿಯೋಕೂ ಬರದ ಕಳ್ಳ," ಎಂದಳು.

ಎರಡು ಗುರುವಾರ ಅವಳು ಹೋಗಲಿಲ್ಲ. ಮೂರನೆಯ ಗುರುವಾರ ಅವನ ಮುಂದೆ ಹೊಸ ಅರ್ಜಿ ಇಟ್ಟಳು.

"ಈ ಸಲ ಯಾರನ್ನ ಹುಡುಕಬೇಕು?" ಅವನು ತಲೆ ಎತ್ತಲಿಲ್ಲ.

"ನಿಮ್ಮ ತಾತನ ತಾತನ್ನ. ಹಿಂದುಮುಂದು ವಿಚಾರಿಸದೆ ನಮ್ಮಜ್ಜಿ ಹೆಣ್ಣು ಕೊಡಲ್ವಂತೆ."

ಅವನ ಕೈಯಲ್ಲಿದ್ದ ಪೆನ್ನು ನಿಂತಿತು.

"ಅದಕ್ಕೆ... ತುಂಬಾ ದಿನ ಹಿಡಿಯುತ್ತೆ."

"ಹಿಡೀಲಿ. ಆದ್ರೆ ಸಿಕ್ಕಿದ್ದನ್ನ ಸಿಕ್ಕಿದ ದಿನವೇ ಹೇಳ್ಬೇಕು."

"ಹಾಗಾದ್ರೆ ಒಂದು ಮಾತು ಐದು ತಿಂಗಳಿಂದ ಬಾಕಿ ಇದೆ."

"ಹೇಳಿ," ಎಂದು ಅವಳು ಕುರ್ಚಿ ಎಳೆದುಕೊಂಡಳು.