ಪಾಕದ ಪಾಪ

ಹನ್ನೊಂದು ವರ್ಷ ಸತತವಾಗಿ ಎರಡನೆಯ ಬಹುಮಾನ ಪಡೆಯುವುದಕ್ಕಿಂತ ಏನೂ ಸಿಗದಿರುವುದೇ ವಾಸಿ ಎಂದು ತೆಲೆಸ್ಫೋರ್‌ಗೆ ಅನ್ನಿಸತೊಡಗಿತ್ತು. ಕ್ವಿಬೆಕ್‌ನ ಆ ಹಳ್ಳಿಯಲ್ಲಿ ಪ್ರತಿ ಈಸ್ಟರ್ ಭಾನುವಾರ, ಪೂಜೆ ಮುಗಿದ ಮೇಲೆ, ಪಾದ್ರಿಗಳು ಎಲ್ಲರೂ ಮೇಪಲ್ ಮರದ ರಸ ಕಾಯಿಸಿ ತಂದ ಪಾಕದ ರುಚಿ ನೋಡಿ ಪದಕ ಕೊಡುತ್ತಿದ್ದರು. ಅದು ಪ್ರತಿ ಸಲವೂ ಪಕ್ಕದ ತೋಪಿನ ಒವಿಲಾನಿಗೇ. ಸಾಲದ್ದಕ್ಕೆ ಅವನ ಸಮಾಧಾನ ಬೇರೆ: "ನಿಂದೂ ಪರವಾಗಿಲ್ಲ ಬಿಡೋ. ಹಂದಿಗೆ ಹಾಕಿದ್ರೆ ಬೇಡ ಅನ್ನಲ್ಲ."

ಈ ಸಲ ಡಬ್ಬಿಗಳನ್ನು ಅದಲುಬದಲು ಮಾಡುವುದೆಂದು ತೆಲೆಸ್ಫೋರ್ ನಿರ್ಧರಿಸಿದ. ಕಷ್ಟ ಡಬ್ಬಿಯದಲ್ಲ, ಆತ್ಮದ್ದು. ನರಕಕ್ಕೆ ತಳ್ಳುವಂಥ ಮಹಾಪಾಪ ಹೊತ್ತವನು ಪೂಜೆಯಲ್ಲಿ ಪಾದ್ರಿಗಳು ಕೊಡುವ ಪರಮಪ್ರಸಾದ ಮುಟ್ಟುವಂತಿಲ್ಲ. ಈಸ್ಟರ್ ದಿನ ಪ್ರಸಾದಕ್ಕೆ ಏಳದೆ ಬೆಂಚಿನಲ್ಲೇ ಕೂತವನು ಏನು ಮಾಡಿದ್ದಾನೆಂದು ಊರು ಸಂಜೆಯೊಳಗೆ ಕೆದಕಿ ತೆಗೆಯುತ್ತಿತ್ತು. ಹಾಗಾಗಿ ಅಪರಾಧ ಸಣ್ಣ ಪಾಪದ ಗೆರೆ ದಾಟಬಾರದು. ಅವನು ಪಾದ್ರಿಗಳನ್ನೇ ಹೋಗಿ ಕೇಳಿದ.

"ಯಾರಾದ್ರೂ ಒಂದು ಡಬ್ಬಿ ಪಾಕ ಕದ್ರೆ, ಫಾದರ್?"

"ಒಂದ್ ದಿನದ ಕೂಲಿಗಿಂತ ಕಮ್ಮಿ ಬೆಲೆದಾ? ಸಣ್ಣ ಪಾಪ. ಯಾರಯ್ಯ ಕದ್ದಿದ್ದು?"

"ಇನ್ನೂ ಯಾರೂ ಇಲ್ಲ, ಫಾದರ್."

ತಾನಂತೂ ಕದಿಯುವುದೂ ಇಲ್ಲ, ಬರೀ ಹೆಸರಿನ ಚೀಟಿ ಬದಲಿಸುವುದು. ಲೆಕ್ಕಕ್ಕೆ ಅರ್ಧ ಸಣ್ಣ ಪಾಪ. ಅವನ ಎದೆ ಹಗುರಾಯಿತು.

ಭಾನುವಾರ ಬೆಳಿಗ್ಗೆ ಪೂಜೆಗೆ ಮುಂಚೆ, ಊರವರು ಇನ್ನೂ ಬೂಟು ತಿಕ್ಕುತ್ತಿದ್ದಾಗ, ಅವನು ಸ್ಪರ್ಧೆಯ ಡಬ್ಬಿಗಳನ್ನಿಟ್ಟಿದ್ದ ಇಗರ್ಜಿಯ ನೆಲಮಾಳಿಗೆಗೆ ಇಳಿದ. ತನ್ನ ಡಬ್ಬಿಯ ಚೀಟಿ ಬಿಚ್ಚಿದ, ಒವಿಲಾನದನ್ನೂ ಬಿಚ್ಚಿದ. ಮೇಲೆ ಯಾರೋ ಕೆಮ್ಮಿದರು. ಬೆಚ್ಚಿ ಎರಡನ್ನೂ ಮೂಲೆಗೆ ಸರಿಸಿದ. ಮತ್ತೆ ನೋಡಿದರೆ ಯಾವುದು ಯಾರದೆಂದೇ ತಿಳಿಯದು. ತೆಲೆಸ್ಫೋರ್ ಗಾಬರಿಯಾಗಲಿಲ್ಲ. ಎರಡಕ್ಕೂ ಬೆರಳದ್ದಿ ನೆಕ್ಕಿದ. ಎರಡನೆಯದು ಒವಿಲಾನದು. ಒಪ್ಪಿಕೊಳ್ಳಲು ಹೊಟ್ಟೆ ಉರಿಯಿತು, ಆದರೆ ಅದರ ಮುಂದೆ ತನ್ನದು ನಿಜಕ್ಕೂ ಹಂದಿಗೇ ಸರಿ. ಒವಿಲಾನದಕ್ಕೆ ತನ್ನ ಹೆಸರು, ತನ್ನದಕ್ಕೆ ಅವನ ಹೆಸರು ಕಟ್ಟಿ, ಮೇಲೆ ಬಂದು ಹೆಂಡತಿ ಅಲ್ಬೆರ್ತೀನ್ ಪಕ್ಕ ಕೂತ.

ಗಂಟೆ ಹೊಡೆಯಿತು. ಪ್ರಸಾದಕ್ಕೆ ಇಡೀ ಊರೇ ಎದ್ದಿತು. ತೆಲೆಸ್ಫೋರ್ ಕೂಡ ನಿಶ್ಚಿಂತೆಯಿಂದ ಎದ್ದು ತುಟಿ ಸವರಿಕೊಂಡ. ತುಟಿ ಸಿಹಿಯಾಗಿತ್ತು. ಆಗಿನ ನಿಯಮದಂತೆ ಪ್ರಸಾದ ತೆಗೆದುಕೊಳ್ಳುವವನು ನಡುರಾತ್ರಿಯಿಂದ ಒಂದು ಗುಟುಕು ನೀರನ್ನೂ ಮುಟ್ಟುವಂತಿಲ್ಲ. ಉಪವಾಸ ಮುರಿದು ತೆಗೆದುಕೊಂಡರೆ ಅದು ಸಣ್ಣ ಪಾಪವಲ್ಲ, ನೇರ ನರಕ. ಅವನು ಮೆಲ್ಲಗೆ ಕುಸಿದು ಕೂತ. ಸಾಲಿನಲ್ಲಿದ್ದ ಒವಿಲಾ ತಿರುಗಿ ನೋಡಿದ, ಅವನ ಹಿಂದಿದ್ದವರೆಲ್ಲ ನೋಡಿದರು. "ಏಳ್ರೀ, ಮಾನ ಹೋಗುತ್ತೆ!" ಎಂದು ಅಲ್ಬೆರ್ತೀನ್ ತೋಳು ಜಗ್ಗಿದಳು. "ಆಗಲ್ಲ ಕಣೇ," ಎಂದ. ಅವಳು ಕೈ ಬಿಟ್ಟಳು, ಒಂದು ಕ್ಷಣ ಅವನ ಮುಖವನ್ನೇ ನೋಡಿದಳು, ಆಮೇಲೆ ಇಗರ್ಜಿಗೆಲ್ಲ ಕೇಳುವಂತೆ ಕೇಳಿದಳು: "ಯಾರ್ರೀ ಅವಳು?"