ರೀಲಿಲ್ಲದ ಕ್ಯಾಮೆರಾ

ಬೆಳ್ಳಿ ಬಣ್ಣದ ಕ್ಯಾಮೆರಾ ಗಾಜಿನ ಕಪಾಟಿನ ಮೇಲೆ ಇರಲಿಲ್ಲ.

ಮಕ್ತುಮ್‌ಸಾಬ್ ಕಪಾಟಿನ ಕೆಳಗೆ ಬಗ್ಗಿ ನೋಡಿದ. ಡಬ್ಬಿಗಳನ್ನು ಸರಿಸಿದ. ಆಮೇಲೆ ನನ್ನ ಕಡೆ ತಿರುಗಿದ.

“ಅಂಬಪ್ಪಾ, ಎಲ್ಲಿಟ್ಟಿ?”

“ನಾ ಎಲ್ಲಿಡ್ಲಿ? ನಿನ್ನ ಕೈಯಾಗ ಕೊಟ್ಟ ಊಟಕ್ಕ ಹೋಗೀನಲ್ಲ!”

1999ರ ಮೇ ತಿಂಗಳು, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ. ಸಿಂಧನೂರು ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿ. ಮಕ್ತುಮ್‌ಸಾಬ್ ನಮಾಜಿಗೆ ಹೋಗುವಾಗ ಅಂಗಡಿಗೆ ಬೀಗ ಹಾಕುವುದಿಲ್ಲ. ಬಾಗಿಲಿಗೆ ಒಂದು ಬಿದಿರು ಕೋಲನ್ನು ಅಡ್ಡ ಇಟ್ಟು ಹೋಗುತ್ತಾನೆ. ಕೋಲು ಇದ್ದರೆ ಯಾರೂ ಒಳಗೆ ಕಾಲಿಡುವುದಿಲ್ಲ. ಅದು ಗಲ್ಲಿಯ ರಿವಾಜು. ಇವತ್ತೂ ಆತ ನಮಾಜು ಮುಗಿಸಿ ಬಂದಾಗ ಕೋಲು ಇಟ್ಟ ಜಾಗದಲ್ಲೇ ಇತ್ತು. ಆದರೆ ಹಿಂದಿನ ಕಿಟಕಿಯ ಕದ ಹಾರು ಹೊಡೆದಿತ್ತು.

ನಾನು ಮಸ್ಕಿಯ ಫೋಟೋಗ್ರಾಫರ್. ನನ್ನ ಹಳೆಯ ಕ್ಯಾಮೆರಾದ ಶಟರ್ ಹಿಡಿದುಕೊಳ್ಳುತ್ತಿತ್ತು. ಹೋದ ತಿಂಗಳು ಒಂದು ಮದುವೆಯಲ್ಲಿ ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ ಆರು ಫೋಟೋ ಕಪ್ಪಗೆ ಬಂದಿದ್ದವು. ಬೈಸಿಕೊಂಡಿದ್ದೆ. ನಾಳೆ ಗುರುಗುಂಟಾದಲ್ಲಿ ಇನ್ನೊಂದು ಮದುವೆ. ಮಕ್ತುಮ್‌ಸಾಬ್ ಹೈದರಾಬಾದಿನಿಂದ ಎರಡು ಡಿಜಿಟಲ್ ಕ್ಯಾಮೆರಾ ತರಿಸಿದ್ದಾನೆಂದು ಕೇಳಿ ಹನ್ನೊಂದಕ್ಕೇ ಬಂದು ಕುಳಿತಿದ್ದೆ. ಬೆಳ್ಳಿ ಬಣ್ಣದ್ದು ದೂರದ್ದನ್ನು ಹತ್ತಿರ ಎಳೆಯುತ್ತಿತ್ತು, ಆದರೆ ಸೆಲ್ ಬಹಳ ತಿನ್ನುತ್ತಿತ್ತು. ಕರಿಯದು ಅಂಗೈಯಷ್ಟು ಚಿಕ್ಕದು, ಸೆಲ್ ಉಳಿಸುತ್ತಿತ್ತು. ಎರಡಕ್ಕೂ ರೀಲು ಬೇಡ. ಅಂಚೆ ಚೀಟಿಯಷ್ಟು ತೆಳುವಾದ ಒಂದು ಕಾರ್ಡಿನಲ್ಲಿ ಫೋಟೋ ಕೂರುತ್ತವೆ. ರಾಯಚೂರಿನ ಕಂಪ್ಯೂಟರ್ ಅಂಗಡಿಯವರು ಕಾಗದದ ಮೇಲೆ ತೆಗೆದುಕೊಡುತ್ತಾರೆ.

ಬೆಳ್ಳಿಯದರಲ್ಲಿ ಗಲ್ಲಿಯ ಕಡೆ ಹಿಡಿದು ಹನ್ನೊಂದು ಫೋಟೋ ಹೊಡೆದಿದ್ದೆ. “ಪರದೆ ಹಚ್ಚಬ್ಯಾಡಪಾ, ಸೆಲ್ ಕುಡೀತೈತಿ” ಎಂದು ಮಕ್ತುಮ್‌ಸಾಬ್ ಬಂದ್ ಮಾಡಿಸಿದ್ದ. ಹಾಗಾಗಿ ಒಂದನ್ನೂ ನೋಡಿರಲಿಲ್ಲ. ಉಂಡು ಬಂದು ಯಾವುದೆಂದು ಹೇಳುತ್ತೇನೆ ಎಂದು ಹೋಗಿದ್ದೆ.

* * *

ಮಕ್ತುಮ್‌ಸಾಬ್ ನನ್ನ ಮೇಲೇ ಗುಮಾನಿ ಹೇಳಿ ಪೊಲೀಸರನ್ನು ಕರೆಸಿದ. ಜಮಾದಾರ ಪಂಪಣ್ಣ ಒಬ್ಬ ಪೇದೆಯೊಂದಿಗೆ ಬಂದವನೇ ನನ್ನ ಚೀಲ ಕಸಿದು ರಸ್ತೆಗೆ ಸುರಿದ. ಹಳೆಯ ಕ್ಯಾಮೆರಾ, ಟವೆಲು, ಅರ್ಧ ರೊಟ್ಟಿ.

“ಎಲ್ಲಿ ಹೂತಿಟ್ಟೀಲೇ?”

“ನಾ ಕದ್ದಿಲ್ರಿ.”

“ಊಟ ಎಲ್ಲಿ ಮಾಡ್ದಿ? ಯಾರು ನೋಡ್ಯಾರ?”

“ಬಸ್‌ಸ್ಟ್ಯಾಂಡಿನ್ಯಾಗ, ಬುತ್ತಿ ಬಿಚ್ಚಿ. ರೊಟ್ಟಿ ತಿನ್ನೋದಕ್ಕೂ ಸಾಕ್ಷಿ ಇಟ್ಕೋಬೇಕೇನ್ರಿ?”

ಎದುರಿನ ಸೈಕಲ್ ಅಂಗಡಿಯ ದುರುಗಪ್ಪ ಬಗಲಗೋಲು ಊರುತ್ತ ಬಂದ. ಮೂರು ತಿಂಗಳ ಹಿಂದೆ ದಢೇಸುಗೂರಿನ ಟ್ರ್ಯಾಕ್ಟರ್ ಗುದ್ದಿ ಕಾಲಿನ ಸ್ವಾಧೀನ ಹೋಯಿತೆಂದು ಆತ ಅದರ ಮಾಲೀಕನ ಮೇಲೆ ಕೋರ್ಟಿನಲ್ಲಿ ಪರಿಹಾರದ ಕೇಸು ಹಾಕಿದ್ದ.

“ನಾ ನೋಡೀನ್ರಿ, ಜಮಾದಾರ್ರ. ಇವ ಹಿಂದಿನ ಗ್ವಾಡಿ ಕಡಿಗೆ ಹೊಂಟಿದ್ದ. ನನ್ನ ಕಾಲು ನೆಟ್ಟಗಿದ್ದರ ಅಲ್ಲೇ ಹಿಡೀತಿದ್ದೆ.”

“ಸುಳ್ಳ ಬೊಗಳಬ್ಯಾಡ!” ನಾನು ಮೈಮೇಲೆ ಹೋದೆ. ಇಬ್ಬರು ಹಿಡಿದುಕೊಂಡರು.

ಜನ ಸೇರಿದರು. ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಕೂಡ ಇಣುಕಿದ. ನನಗೆ ಎದೆ ಒಡೆದದ್ದು ಅವನನ್ನು ಕಂಡು. ಸಂಜೆಯೊಳಗೆ ಮಾತು ಮಸ್ಕಿ ದಾಟಿ ಗುರುಗುಂಟಾ ಮುಟ್ಟುತ್ತದೆ. ಫೋಟೋಗ್ರಾಫರ್ ಎಂದರೆ ಮದುವೆ ಮನೆಯ ಒಳಖೋಲಿಗೆ ಹೋಗುವವನು. ಅಲ್ಲಿ ಹೆಣ್ಣುಮಕ್ಕಳು, ಬಂಗಾರ. ಕಳ್ಳ ಅನ್ನಿಸಿಕೊಂಡವನನ್ನು ಯಾರು ಹೊಸ್ತಿಲು ದಾಟಿಸುತ್ತಾರೆ? ಕ್ಯಾಮೆರಾ ಹಳೆಯದಾದರೆ ಹೊಸದು ಸಿಗುತ್ತದೆ. ಹೋದ ಹೆಸರನ್ನು ಯಾವ ಅಂಗಡಿಯಲ್ಲಿ ಕೊಳ್ಳಲಿ?

* * *

“ಇಲ್ಲೈತ್ರಿ!”

ಹಿಂದಿನ ಗೋಡೆಯ ಆಚೆಯಿಂದ ಪೇದೆ ಕೂಗಿದ. ಎದೆಮಟ್ಟದ ಗೋಡೆ. ಎಲ್ಲರೂ ಸುತ್ತಿ ಬಂದೆವು. ಜಾಲಿ ಗಿಡದ ಬುಡದಲ್ಲಿ ಬೆಳ್ಳಿಯ ಕ್ಯಾಮೆರಾ ಬಿದ್ದಿತ್ತು. ಬೆನ್ನನ್ನು ಯಾರೋ ಕಬ್ಬಿಣದಿಂದ ಮೀಟಿ ಸೀಳಿದ್ದರು. ಪಕ್ಕದಲ್ಲಿ ಮೂರು ರೀಲುಗಳು ಹಾವಿನ ಪೊರೆಯ ಹಾಗೆ ಬಿಸಿಲಿಗೆ ಹರಡಿದ್ದವು. ನನ್ನ ಹಳೆಯ ಕ್ಯಾಮೆರಾಕ್ಕೆಂದು ನಾನೇ ಡಬ್ಬಿ ಬಿಚ್ಚಿಸಿ, ನೋಡಿ, ಕಪಾಟಿನ ಮೇಲೆ ಇಟ್ಟ ಹೊಸ ರೀಲುಗಳು.

ನಾನು ಅವನ್ನೇ ನೋಡುತ್ತ ನಿಂತೆ. ಸಿಟ್ಟು ಒಮ್ಮೆಲೇ ಇಳಿಯಿತು.

“ಜಮಾದಾರ್ರ, ಕಳ್ಳ ಕ್ಯಾಮೆರಾ ಕದಿಯಾಕ ಬಂದಿಲ್ಲ.”

“ಮತ್ತ ಭಜನಿ ಮಾಡಾಕ ಬಂದಿದ್ನೇನು?”

“ಮಾರಾಕ ಒಯ್ಯಾಂವ ಹಿಂಗ ಸೀಳ್ತಾನೇನ್ರಿ? ಕಪಾಟಿನ ಮ್ಯಾಲ ಪಕ್ಕದಾಗ ಕರೀದಿತ್ತು. ಅದನ್ಯಾಕ ಬಿಟ್ಟ? ನಾ ಫೋಟೋ ಹೊಡ್ದದ್ದು ಬೆಳ್ಳೀದರಾಗ. ಅವಗ ಬೇಕಾಗಿದ್ದು ಒಳಗಿನ ಫೋಟೋ. ರೀಲು ಹುಡುಕ್ಯಾನ, ಸಿಕ್ಕಿಲ್ಲ. ಬಿಚ್ಚಿ ಇಟ್ಟೀವಂತ ತಿಳದು ಇವನ್ನ ಬಿಸಲಿಗೆ ಎಳದು ಕೆಡಿಸ್ಯಾನ.”

“ಅದು ನೀನ ಯಾಕಿರಬಾರದು?”

“ಮುಂಜಾನಿಂದ ಎರಡು ತಾಸು ರೀಲಿಲ್ಲದ ಕ್ಯಾಮೆರಾ ನೋಡಿದಾಂವ ನಾ. ಅದರಾಗ ರೀಲು ಹುಡುಕ್ತೀನೇನ್ರಿ? ಇನ್ನ ಹೊಸಾ ರೀಲಿನ ನಾಲಿಗಿ, ಅಂದ್ರ ಫಿಲ್ಮಿನ ತುದಿ, ಹೊರಗ ಇರ್ತೈತಿ, ಹೊಡ್ದ ರೀಲಿಂದು ಒಳಗ ಸುತ್ತಿರ್ತೈತಿ. ಈ ಕಸಬಿನಾಂವ ಮುಟ್ಟಿದ ಕೂಡ್ಲೆ ಇವು ಖಾಲಿ ಅಂತ ಹೇಳ್ತಾನ.”

ಮಕ್ತುಮ್‌ಸಾಬ್ ತಲೆಯಾಡಿಸಿದ. “ಸಹೀ ಬಾತ್ ಐತ್ರಿ. ನಾನು ಸಿಟ್ಟಿನ್ಯಾಗ ಸಣ್ಣ ಮಾತು ಆಡಿಬಿಟ್ಟೆ.”

“ಹಂಗಾದ್ರ ಯಾರಲೇ?” ಎಂದ ಪಂಪಣ್ಣ.

“ಫೋಟೋದಾಗ ಬಿದ್ದಾಂವ.”

“ಫೋಟೋ ಎಲ್ಲೈತಿ? ಸೀಳ್ಯಾನಲ್ಲ.”

ಮುರಿದ ಕ್ಯಾಮೆರಾದ ಪಕ್ಕೆಯ ಸಣ್ಣ ಮುಚ್ಚಳವನ್ನು ಉಗುರಿನಿಂದ ಎತ್ತಿದೆ. ಕಾರ್ಡು ಅಲ್ಲೇ ಕುಳಿತಿತ್ತು. ಕಳ್ಳನ ಬೆರಳು ಅದರ ಮೇಲೇ ಆಡಿರಬೇಕು. ಅದು ಏನೆಂದು ಗೊತ್ತಿರಲಿಲ್ಲ.

* * *

ಎರಡೂ ಕ್ಯಾಮೆರಾ ಒಂದೇ ಕಂಪನಿಯವು. ಅಂಗಡಿಗೆ ಮರಳಿ ಕಾರ್ಡನ್ನು ಕರಿಯದಕ್ಕೆ ಹಾಕಿದೆ. ಕಾರ್ಡೂ ಕೆಟ್ಟಿದ್ದರೆ ನಾನು ಜೀವನಪೂರ್ತಿ ಕಳ್ಳನೇ.

ಪರದೆ ಬೆಳಗಿತು.

ಮೊದಲು ಒಂದು ಹಂದಿ. ಆಮೇಲೆ ಬಾಳೆಹಣ್ಣಿನ ಬಂಡಿ. ಮಕ್ತುಮ್‌ಸಾಬನ ಮೂಗು. ಯಾರೋ ಕಿಸಕ್ಕೆಂದರು. ಏಳನೆಯದು ಬಂತು.

ಸೈಕಲ್ ಅಂಗಡಿಯ ಬಾಗಿಲು. ಎತ್ತರದ ಸ್ಟೂಲಿನ ಮೇಲೆ ದುರುಗಪ್ಪ ಎರಡೂ ಕಾಲು ಊರಿ, ತುದಿಬೆರಳ ಮೇಲೆ ನಿಂತು, ಮೇಲಿನ ಕೊಂಡಿಗೆ ಟಾಯರು ಸಿಗಿಸುತ್ತಿದ್ದ. ಬಗಲಗೋಲು ಗೋಡೆಗೆ ಒರಗಿತ್ತು. ಮುಖ ನೇರ ನನ್ನ ಕಡೆಗಿತ್ತು. ಅದರ ಹಿಂದಿನ ಫೋಟೋಕ್ಕೆ ಫ್ಲ್ಯಾಶು ತಾನಾಗಿ ಹೊಡೆದಿತ್ತಲ್ಲ, ಅದಕ್ಕೇ ತಿರುಗಿದ್ದ.

ಪಂಪಣ್ಣ ಪರದೆ ನೋಡಿದ. ದುರುಗಪ್ಪನ ಕಾಲು ನೋಡಿದ.

“ಏನೋ ದುರುಗಾ, ಗ್ವಾಡಿ ಜಿಗಿಯೋದು ಕುಂಟನ ಕೈಲಿ ಆಗಂಗಿಲ್ಲಂತ ನಿನ್ನ ಲೆಕ್ಕಕ್ಕ ಹಿಡದಿರಲಿಲ್ಲ ನೋಡು.”

ದುರುಗಪ್ಪ ಬಗಲಗೋಲು ಬಿಸಾಕಿ ಓಡಿದ. ಎಂಥ ಓಟ! ಚಹಾದ ಬೆಂಚು ಹಾರಿದ, ಒಂದು ಎಮ್ಮೆಯನ್ನು ಬಳಸಿದ.

“ನಿಂದ್ರಲೇ ಕುಂಟಾ!” ಎಂದು ಇಡೀ ಗಲ್ಲಿ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಬಸ್ಸಿನ ಕಂಡಕ್ಟರನೇ ಕೊರಳಪಟ್ಟಿ ಹಿಡಿದು ತಂದ.

ಅವನ ಅಂಗಡಿಯಲ್ಲಿ ಟಾಯರು ಮೀಟುವ ಸಲಾಕೆ ಸಿಕ್ಕಿತು. ತುದಿಗೆ ಬೆಳ್ಳಿ ಬಣ್ಣ ಹತ್ತಿತ್ತು.

“ಸೋಮವಾರ ಕೋರ್ಟೈತ್ರಿ,” ದುರುಗಪ್ಪ ನೆಲ ನೋಡುತ್ತ ಅಂದ. “ಫೋಟೋ ತೊಳದು ಬಂದ್ರ ಗಲ್ಲಿ ತುಂಬ ತೋರಸ್ತಾನಂತ ಅಂಜಿದೆ. ಎಷ್ಟು ಸೀಳಿದ್ರೂ ರೀಲ ಸಿಗಲಿಲ್ಲ. ಇದೆಂಥ ಕ್ಯಾಮೆರಾ ಮಾಡ್ಯಾರ್ರಿ ಸುಡಗಾಡು!”

ಪಂಪಣ್ಣ ಬಗ್ಗಿ ನನ್ನ ಟವೆಲು ಎತ್ತಿ, ಧೂಳು ಝಾಡಿಸಿ, ಚೀಲಕ್ಕೆ ಹಾಕಿದ. ತಪ್ಪಾಯಿತು ಅನ್ನಲಿಲ್ಲ. ಜಮಾದಾರರಿಗೆ ಆ ಮಾತು ಬರುವುದಿಲ್ಲ. ನಾನೂ ಕೇಳಲಿಲ್ಲ. ಉಸಿರು ಒಳಗೆ ಹೋಗಿ ಹೊರಗೆ ಬರುತ್ತಿತ್ತು, ಅಷ್ಟೇ ಸಾಕಿತ್ತು.

ಕರಿಯದನ್ನೇ ಕೊಂಡೆ.

* * *

ಮರುದಿನ ಬೆಳಿಗ್ಗೆ ಗುರುಗುಂಟಾ. ಮದುವೆ ಮನೆಯ ಹೊಸ್ತಿಲಲ್ಲಿ ಮದುಮಗಳ ತಾಯಿ ಆದೆಮ್ಮ ಅಡ್ಡ ನಿಂತಳು.

“ತಡಿಯಪಾ. ಸಿಂಧನೂರಾಗ ನಿನ್ನೆ ನಿಂದೇನೋ ಗದ್ದಲ ಆತಂತ?”

“ಹೌದಬೇ.”

“ಆ ಕುಂಟನ್ನ ಓಡಿಸಿದಾಂವ ನೀನ ಏನು?”

“ನಾನ.”

ಆದೆಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು. ಪಕ್ಕಕ್ಕೆ ಸರಿದಳು.

“ಒಳಗ ಬಾ. ಮದುಮಗಳು ಬಂಗಾರದ ದಾಗಿನ ಹಾಕ್ಕೊಳಾಕತ್ತಾಳ, ತಗಿ ಫೋಟೋ.”